ನೂರು ರೂಪಾಯಿಗೆ ಹನ್ನೆರಡು ಪೈಸೆ: ದೊಡ್ಡ ಬ್ಯಾಂಕುಗಳ ಠೇವಣಿ ವಿಮೆಗೆ ದರ ಗೊತ್ತುಮಾಡುವ ಬಗೆ

ದುಡಿದು ಉಳಿಸುವವನಿಗೆ ಎರಡು ಚಿಂತೆಗಳುಂಟು. ಉಳಿಸುವುದು ಹೇಗೆಂಬುದು ಮೊದಲನೆಯದು. ಉಳಿಸಿದುದನ್ನು ಎಲ್ಲಿ ಇಟ್ಟರೆ ಕ್ಷೇಮ ಎಂಬುದು ಎರಡನೆಯದು. ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ಹೊಟ್ಟೆ ಹೊರೆಯುತ್ತಿರುವ ನಮ್ಮವರಿಗೆ ಈ ಎರಡನೆಯ ಚಿಂತೆ ತುಸು ಹೆಚ್ಚೇ. ಅಬಿಡ್ಸಿನ ಹೋಟೆಲುಗಳಲ್ಲಿ ಬೆಳಗಿನ ಜಾವಕ್ಕೆ ಎದ್ದು ಒಲೆ ಹೊತ್ತಿಸುವ ಅಡಿಗೆಯವರಿಗೂ, ಮೇಜಿನಿಂದ ಮೇಜಿಗೆ ಓಡುವ ಮಾಣಿಗಳಿಗೂ, ಗಲ್ಲಾದಲ್ಲಿ ಕುಳಿತವರಿಗೂ, ಕಚೇರಿಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೂ ಉಳಿತಾಯವೆಂದರೆ ತಂಗಿಯ ಮದುವೆ, ಊರ ಮನೆಯ ಮಾಡು, ಮಗನ ಓದು, ಮುಪ್ಪಿನ ಊಟ. ಅದು ಒಮ್ಮೆ ಕೈಬಿಟ್ಟರೆ ಮತ್ತೆ ಅಷ್ಟನ್ನು ದುಡಿಯುವ ವಯಸ್ಸು ಎಲ್ಲರಿಗೂ ಉಳಿದಿರುವುದಿಲ್ಲ.

ಅಬಿಡ್ಸ್ ಹಣದ ವಹಿವಾಟಿಗೆ ಹೊಸ ಪೇಟೆಯಲ್ಲ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಎಂಬವರ ಅಂಗಡಿಯಿಂದ ಇದಕ್ಕೆ ಈ ಹೆಸರು ಬಂದಿತು. ಪಕ್ಕದ ಗನ್‌ಫೌಂಡ್ರಿಯಲ್ಲಿ, 1941ರಲ್ಲಿ ಸಂಸ್ಥಾನದ ಬ್ಯಾಂಕಾಗಿ ಹುಟ್ಟಿ ಉಸ್ಮಾನಿಯಾ ಸಿಕ್ಕಾದ ವ್ಯವಹಾರವನ್ನು ನೋಡಿಕೊಂಡ ಹೈದರಾಬಾದ್ ಸ್ಟೇಟ್ ಬ್ಯಾಂಕಿನ ಪ್ರಧಾನ ಕಚೇರಿಯಿದ್ದಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ ಆ ಕಡೆಯ ಕನ್ನಡಿಗರಿಗೆ ಅದು ಪರರ ಬ್ಯಾಂಕಾಗಿರಲಿಲ್ಲ. ದಕ್ಷಿಣ ಕನ್ನಡದಿಂದ ಬಂದವರಿಗಂತೂ ತಮ್ಮೂರಿನ ಬ್ಯಾಂಕುಗಳೇ ಇದ್ದುವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು, 1931ರ ವಿಜಯಾ ಬ್ಯಾಂಕು ಇವುಗಳ ಹೆಸರನ್ನು ಕೇಳದ ಹೋಟೆಲು ಕೆಲಸಗಾರರಿಲ್ಲ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಹಣ ಕೂಡಿಸಿಕೊಳ್ಳುತ್ತಿದ್ದ ಸಿಂಡಿಕೇಟಿನ ಪಿಗ್ಮಿ ಯೋಜನೆ 1928ರಷ್ಟು ಹಿಂದಿನದು.

ಇಂದು ಈ ಹೆಸರುಗಳಲ್ಲಿ ಹೆಚ್ಚಿನವು ಅಳಿಸಿಹೋಗಿವೆ. ಹೈದರಾಬಾದಿನ ಬ್ಯಾಂಕು 2017ರ ಏಪ್ರಿಲಿನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟು ಕೆನರಾದಲ್ಲಿ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದುವು. ಹೀಗೆ ಎರಡಾಣೆಯಿಂದ ಬೆಳೆದ ಗಂಟೆಲ್ಲವೂ ಈಗ ಕೆಲವೇ ದೊಡ್ಡ ಬ್ಯಾಂಕುಗಳ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆಗೆ ಒಂದು ವಿಮೆಯುಂಟು. ಅದರ ಕಂತಿನ ದರವನ್ನು ಯಾರು, ಯಾವ ನ್ಯಾಯದಿಂದ ಗೊತ್ತುಮಾಡುತ್ತಾರೆ ಎಂಬುದು ಮೇಲ್ನೋಟಕ್ಕೆ ಅರ್ಥಶಾಸ್ತ್ರಿಗಳ ವಿಷಯವೆಂದು ಕಂಡರೂ ವಾಸ್ತವವಾಗಿ ನಮ್ಮ ನಿಮ್ಮ ವಿಷಯವೇ ಆಗಿದೆ.

ಪಾಲಾಯಿಯ ಪಾಠ

1960ರ ಆಗಸ್ಟ್ 8ರಂದು ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕನ್ನು ಮುಚ್ಚಿಸಲು ರಿಸರ್ವ್ ಬ್ಯಾಂಕು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಅದು ಆ ರಾಜ್ಯದ ಹಿರಿಯ ಬ್ಯಾಂಕು. ತೋಟದ ರೈತರೂ ಸಣ್ಣ ವ್ಯಾಪಾರಿಗಳೂ ವಿಧವೆಯರೂ ಅದರಲ್ಲಿ ಹಣವಿಟ್ಟಿದ್ದರು. ಅದೇ ವರ್ಷ ಅಕೋಲಾದ ಲಕ್ಷ್ಮೀ ಬ್ಯಾಂಕೂ ಕುಸಿಯಿತು. ಒಂದು ಬ್ಯಾಂಕು ಬಿದ್ದಿತೆಂಬ ಸುದ್ದಿ ಹಬ್ಬಿದರೆ ಅದರೊಡನೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಬ್ಯಾಂಕಿನ ಬಾಗಿಲಲ್ಲಿಯೂ ಜನ ಸಾಲುಗಟ್ಟುತ್ತಾರೆ. ಠೇವಣಿಯ ಹಣವನ್ನು ಬ್ಯಾಂಕು ಸಾಲವಾಗಿ ಹೊರಗೆ ಕೊಟ್ಟಿರುವುದರಿಂದ ಎಲ್ಲರೂ ಒಂದೇ ದಿನ ಕೇಳಿದರೆ ಎಷ್ಟೇ ಗಟ್ಟಿಯಾದ ಬ್ಯಾಂಕಾದರೂ ಕೊಡಲಾರದು. ಬ್ಯಾಂಕುಗಳಿಗೆ ನಷ್ಟಕ್ಕಿಂತಲೂ ಜನರ ಭಯವೇ ದೊಡ್ಡ ಶತ್ರು.

ಈ ಭಯಕ್ಕೆ ಮದ್ದಾಗಿ 1961ರಲ್ಲಿ ಸಂಸತ್ತು ಠೇವಣಿ ವಿಮಾ ನಿಗಮದ ಕಾಯಿದೆಯನ್ನು ಅಂಗೀಕರಿಸಿತು. 1962ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಅಮೆರಿಕ ದೇಶದಲ್ಲಿ 1933ರ ಕಾಯಿದೆಯ ಮೂಲಕ ಇಂಥ ಏರ್ಪಾಡು ಆಗಲೇ ಬಂದಿದ್ದಿತು. ಆ ದಾರಿಯನ್ನು ಬೇಗನೆ ಹಿಡಿದ ದೇಶಗಳಲ್ಲಿ ನಮ್ಮದೂ ಒಂದು. ಆರಂಭದಲ್ಲಿ 287 ವಾಣಿಜ್ಯ ಬ್ಯಾಂಕುಗಳು ವಿಮೆಗೆ ಒಳಪಟ್ಟುವು. ಒಬ್ಬ ಠೇವಣಿದಾರನಿಗೆ ದೊರೆಯುತ್ತಿದ್ದ ಗರಿಷ್ಠ ರಕ್ಷಣೆ 1,500 ರೂಪಾಯಿ. ಬ್ಯಾಂಕು ಕಟ್ಟಬೇಕಾಗಿದ್ದ ಕಂತು ನೂರು ರೂಪಾಯಿ ಠೇವಣಿಗೆ ವರ್ಷಕ್ಕೆ 5 ನಯಾಪೈಸೆ. 1978ರಲ್ಲಿ ಈ ನಿಗಮವು ಸಾಲಗಳಿಗೆ ಖಾತರಿ ನೀಡುವ ಇನ್ನೊಂದು ನಿಗಮದೊಡನೆ ಕೂಡಿ ಇಂದಿನ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವಾಯಿತು. ಇದು ರಿಸರ್ವ್ ಬ್ಯಾಂಕಿಗೆ ಪೂರ್ಣವಾಗಿ ಸೇರಿದ ಸಂಸ್ಥೆ.

ರಕ್ಷಣೆಯ ಮಿತಿ ಕಾಲಕಾಲಕ್ಕೆ ಏರುತ್ತ ಬಂದಿತು. 1968ರಲ್ಲಿ 5,000, 1970ರಲ್ಲಿ 10,000, 1976ರಲ್ಲಿ 20,000, 1980ರಲ್ಲಿ 30,000, 1993ರಲ್ಲಿ ಒಂದು ಲಕ್ಷ. ಆ ಬಳಿಕ ಇಪ್ಪತ್ತಾರು ವರ್ಷಕ್ಕೂ ಮಿಕ್ಕಿ ಅದು ಅಲ್ಲಿಯೇ ನಿಂತಿದ್ದು, 2020ರ ಫೆಬ್ರವರಿ 4ರಂದು ಐದು ಲಕ್ಷಕ್ಕೆ ಏರಿತು. ಅದರ ಹಿಂದಿನ ತಿಂಗಳಷ್ಟೇ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ತಲಾ 35,000 ರೂಪಾಯಿಗಿಂತ ಹೆಚ್ಚು ಹಿಂತೆಗೆಯಬಾರದೆಂಬ ಆಜ್ಞೆ ಬಂದುದನ್ನೂ, ಬಸವನಗುಡಿಯಲ್ಲಿ ನಿವೃತ್ತರಾದ ವೃದ್ಧರು ಕಂಗಾಲಾದುದನ್ನೂ ಕನ್ನಡಿಗರು ಮರೆತಿರಲಾರರು.

ಕಂತು ಕಟ್ಟುವವರು ಯಾರು?

ಈ ವಿಮೆಗೆ ನಾವು ಅರ್ಜಿ ಹಾಕಬೇಕಾಗಿಲ್ಲ, ಹಣವನ್ನೂ ಕೊಡಬೇಕಾಗಿಲ್ಲ. ಕಂತನ್ನು ಬ್ಯಾಂಕು ತನ್ನ ಗಳಿಕೆಯಿಂದಲೇ ಕಟ್ಟತಕ್ಕದ್ದು. ಠೇವಣಿದಾರನ ಲೆಕ್ಕಕ್ಕೆ ಅದನ್ನು ಹಚ್ಚುವಂತಿಲ್ಲ. ವರ್ಷಕ್ಕೆ ಎರಡು ಬಾರಿ, ಅರ್ಧ ವರ್ಷದ ಆರಂಭದಲ್ಲಿ, ಮುಂಗಡವಾಗಿ ಪಾವತಿಯಾಗಬೇಕು. ತಡವಾದರೆ ಬಡ್ಡಿ ತೆರಬೇಕು. ಹಾಗೆಂದ ಮಾತ್ರಕ್ಕೆ ನಮಗೆ ಇದರಿಂದ ಏನೂ ತಗಲುವುದಿಲ್ಲವೆಂದು ತಿಳಿಯಬಾರದು. ಹೋಟೆಲಿಗೆ ಬಾಡಿಗೆ ಏರಿದರೆ ಅದು ಮಾಲಿಕರ ಖರ್ಚೇ ಆದರೂ ಇಂದಲ್ಲ ನಾಳೆ ದೋಸೆಯ ದರದಲ್ಲಿಯೋ ಕೆಲಸಗಾರನ ಸಂಬಳದಲ್ಲಿಯೋ ಅದರ ಛಾಯೆ ಕಾಣಿಸುವುದಲ್ಲವೆ? ಬ್ಯಾಂಕಿನ ಖರ್ಚೂ ಹಾಗೆಯೇ ನಮ್ಮ ಠೇವಣಿಯ ಬಡ್ಡಿಯನ್ನು ನೋಡಿಕೊಂಡೇ ಇರುತ್ತದೆ.

ದರವನ್ನು ಗೊತ್ತುಮಾಡುವ ಅಧಿಕಾರ ನಿಗಮಕ್ಕಿದೆ. ಆದರೆ ಅದಕ್ಕೆ ಮೊದಲು ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಕಾಯಿದೆಯು ನೂರಕ್ಕೆ 15 ಪೈಸೆಯ ಮೇರೆಯನ್ನೂ ಹಾಕಿದ್ದಿತು. ನಿಗಮದ ಸ್ಥಿತಿಗತಿಯನ್ನು ನೋಡಿ, ರಿಸರ್ವ್ ಬ್ಯಾಂಕಿನ ಒಪ್ಪಿಗೆಯಿಂದ, ಆ ಮೇರೆಯನ್ನು ಏರಿಸಲು 2021ರ ತಿದ್ದುಪಡಿಯು ಅವಕಾಶ ಕೊಟ್ಟಿತು. 5 ಪೈಸೆಯಿಂದ ಹೊರಟ ದರವು 1971ರಲ್ಲಿ 4 ಪೈಸೆಗೆ ಇಳಿಯಿತು. 1993ರಲ್ಲಿ ಮತ್ತೆ 5 ಪೈಸೆಯಾಯಿತು. 2004ರಲ್ಲಿ 8, 2005ರಲ್ಲಿ 10, 2020ರ ಏಪ್ರಿಲಿನಿಂದ 12 ಪೈಸೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಕ್ಷಣೆ ಐದು ಲಕ್ಷದವರೆಗೆ ಮಾತ್ರವೇ ಇದ್ದರೂ ಕಂತನ್ನು ಲೆಕ್ಕ ಹಾಕುವುದು ಬ್ಯಾಂಕಿನಲ್ಲಿರುವ ವಿಮಾರ್ಹ ಠೇವಣಿಯೆಲ್ಲದರ ಮೇಲೆ. ಒಬ್ಬ ಗಿರಣಿಯ ಮಾಲಿಕ ಐದು ಕೋಟಿ ಇಟ್ಟಿದ್ದರೆ ಬ್ಯಾಂಕು ಐದು ಕೋಟಿಗೂ ಕಂತು ಕಟ್ಟುತ್ತದೆ, ಆತನಿಗೆ ದೊರೆಯುವ ರಕ್ಷಣೆ ಮಾತ್ರ ಐದೇ ಲಕ್ಷ. 2025ರ ಮಾರ್ಚಿನ ಕೊನೆಗೆ ದೇಶದ ಠೇವಣಿ ಖಾತೆಗಳಲ್ಲಿ ನೂರಕ್ಕೆ 97ಕ್ಕೂ ಮಿಕ್ಕಿದವು ಪೂರ್ಣ ರಕ್ಷಣೆಯೊಳಗೆ ಇದ್ದುವು. ಆದರೆ ಹಣದ ಮೊತ್ತದಲ್ಲಿ ನೂರಕ್ಕೆ ಸುಮಾರು 41 ಭಾಗವಷ್ಟೇ ರಕ್ಷಣೆಗೆ ಒಳಪಟ್ಟಿದ್ದಿತು. ಅಂದರೆ ಸಣ್ಣವರು ಬಹುಮಂದಿ, ದೊಡ್ಡವರ ಹಣ ಬಹಳ. ಸಣ್ಣವರ ಭದ್ರತೆಗೆ ದೊಡ್ಡ ಠೇವಣಿಗಳ ಮೇಲಿನ ಕಂತೂ ಆಧಾರವಾಗಿದೆ. ನಮ್ಮಂಥವರ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡೆಂದೇ ಹೇಳಬೇಕು.

ಒಂದೇ ದರದ ತಕರಾರು

ಹತ್ತು ಲಕ್ಷ ಕೋಟಿ ರೂಪಾಯಿ ಠೇವಣಿಯುಳ್ಳ ಒಂದು ದೊಡ್ಡ ಬ್ಯಾಂಕನ್ನು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ನೂರಕ್ಕೆ 12 ಪೈಸೆಯಂತೆ ಅದು ವರ್ಷಕ್ಕೆ 1,200 ಕೋಟಿ ಕಟ್ಟಬೇಕು. ಎಚ್ಚರದಿಂದ ಸಾಲ ಕೊಟ್ಟು, ಸಾಕಷ್ಟು ಬಂಡವಾಳವನ್ನಿಟ್ಟುಕೊಂಡು, ಕಾಗದಪತ್ರಗಳನ್ನು ಒಪ್ಪವಾಗಿಟ್ಟ ಬ್ಯಾಂಕಿಗೂ ಅದೇ ದರ; ಬಂಧುಮಿತ್ರರಿಗೆ ಸಾಲ ಹಂಚಿ ಪುಸ್ತಕದಲ್ಲಿ ಮರೆಮಾಚಿದ ಬ್ಯಾಂಕಿಗೂ ಅದೇ ದರ. ಅಬಿಡ್ಸಿನ ಎರಡು ಹೋಟೆಲುಗಳಿಗೆ ಬೆಂಕಿಯ ವಿಮೆ ಮಾಡಿಸಿದರೆಂದು ತಿಳಿಯಿರಿ. ಒಂದರಲ್ಲಿ ಅಡಿಗೆಮನೆಯ ಹೊಗೆಗೂಡು ಶುದ್ಧ, ಅನಿಲದ ಸಿಲಿಂಡರು ಹೊರಗೆ, ಮರಳಿನ ಬಕೀಟು ಕೈಗೆಟಕುವಲ್ಲಿ. ಇನ್ನೊಂದರಲ್ಲಿ ಎಣ್ಣೆಯ ಡಬ್ಬಿಗಳ ನಡುವೆಯೇ ಒಲೆ. ಎರಡಕ್ಕೂ ಒಂದೇ ಕಂತೆಂದರೆ ಮೊದಲನೆಯವನಿಗೆ ಎಚ್ಚರಕ್ಕೆ ಬಹುಮಾನವಿಲ್ಲ, ಎರಡನೆಯವನಿಗೆ ಅಜಾಗ್ರತೆಗೆ ದಂಡವಿಲ್ಲ. ಕ್ರಮೇಣ ಮೊದಲನೆಯವನಿಗೂ ಬಕೀಟು ಏಕೆಂದು ತೋರೀತು.

ದೊಡ್ಡ ವಾಣಿಜ್ಯ ಬ್ಯಾಂಕುಗಳ ಬಹುಕಾಲದ ತಕರಾರು ಇದೇ. ನಿಗಮಕ್ಕೆ ಬರುವ ಕಂತಿನ ಅತಿ ದೊಡ್ಡ ಪಾಲು ಅವುಗಳದು. ಆದರೆ ನಿಗಮವು ತನ್ನ ಆಯುಷ್ಯದುದ್ದಕ್ಕೂ ವಾಣಿಜ್ಯ ಬ್ಯಾಂಕುಗಳ ಠೇವಣಿದಾರರಿಗಾಗಿ ತೆತ್ತುದು 27 ಬ್ಯಾಂಕುಗಳ ಸಂಬಂಧದಲ್ಲಿ ಮುನ್ನೂರು ಕೋಟಿಗೂ ತುಸು ಕಡಿಮೆ. ಸಹಕಾರಿ ಬ್ಯಾಂಕುಗಳ ಸಲುವಾಗಿ ತೆತ್ತುದೋ ಹಲವು ಸಾವಿರ ಕೋಟಿ. 2001ರಲ್ಲಿ ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು ಕುಸಿದುದು ಇದಕ್ಕೆ ದೊಡ್ಡ ನಿದರ್ಶನ. ಹೈದರಾಬಾದ್, ಸಿಕಂದರಾಬಾದುಗಳೂ ಅದೇ ಕಾಲದಲ್ಲಿ ಕೃಷಿ ಬ್ಯಾಂಕು, ಚಾರ್‌ಮಿನಾರ್ ಬ್ಯಾಂಕು ಮೊದಲಾದ ನಗರ ಸಹಕಾರಿ ಬ್ಯಾಂಕುಗಳ ಪತನವನ್ನು ಕಂಡುವು. 2004, 2005ರಲ್ಲಿ ದರ 5ರಿಂದ 10 ಪೈಸೆಗೆ ಏರಿದುದರ ಹಿನ್ನೆಲೆಯಲ್ಲಿ ಇಂಥ ಪಾವತಿಗಳ ಭಾರವಿದ್ದಿತು. ಬಿದ್ದವರು ಒಬ್ಬರು, ಬೆಲೆ ತೆತ್ತವರು ಮತ್ತೊಬ್ಬರು ಎಂಬುದು ದೊಡ್ಡ ಬ್ಯಾಂಕುಗಳ ವಾದ.

ಈ ವಾದಕ್ಕೆ ಇನ್ನೊಂದು ಮಗ್ಗುಲೂ ಇದೆ. 2025ರ ಮಾರ್ಚಿನ ಕೊನೆಗೆ ನಿಗಮದ ವಿಮಾನಿಧಿ ಸುಮಾರು 2.29 ಲಕ್ಷ ಕೋಟಿ ರೂಪಾಯಿ. ಅದೇ ಕಾಲಕ್ಕೆ ಭಾರತೀಯ ಸ್ಟೇಟ್ ಬ್ಯಾಂಕೊಂದರ ಠೇವಣಿಯೇ 50 ಲಕ್ಷ ಕೋಟಿಯನ್ನು ಮೀರಿತ್ತು. ಸಣ್ಣ ಬ್ಯಾಂಕುಗಳು ಬಿದ್ದರೆ ನಿಧಿ ತಾಳಿಕೊಳ್ಳಬಲ್ಲುದು. ಅತಿ ದೊಡ್ಡದೊಂದು ಬಿದ್ದರೆ ನಿಧಿಯೇ ಸಾಲದು. ದೊಡ್ಡ ಬ್ಯಾಂಕು ಬೀಳುವ ಸಂಭವ ಕಡಿಮೆ. ಬಿದ್ದರೆ ಆಗುವ ಹಾನಿ ಅಪಾರ. ದರ ಕಟ್ಟುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿದೆ.

ಇದಕ್ಕೂ ಈ ನಗರದಲ್ಲಿಯೇ ನಿದರ್ಶನವುಂಟು. 1994ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾದ ಗ್ಲೋಬಲ್ ಟ್ರಸ್ಟ್ ಬ್ಯಾಂಕು ಹೊಸ ಖಾಸಗಿ ಬ್ಯಾಂಕುಗಳಲ್ಲಿ ಮುಂದಾಳಾಗಿದ್ದಿತು. ಅದರ ಸ್ಥಾಪಕರಾದ ರಮೇಶ್ ಗೆಲ್ಲಿಯವರು ಹಿಂದೆ ಬೆಂಗಳೂರಿನ ವೈಶ್ಯ ಬ್ಯಾಂಕಿನ ಮುಖ್ಯರಾಗಿದ್ದವರು. 2004ರ ಜುಲೈ 24ರಂದು ಸರಕಾರವು ಅದರ ವ್ಯವಹಾರವನ್ನು ತಡೆದು, ಠೇವಣಿದಾರರಿಗೆ 10,000 ರೂಪಾಯಿಯ ಮಿತಿ ಹಾಕಿತು. ಮೂರು ವಾರಗಳೊಳಗೆ, ಆಗಸ್ಟ್ 14ರಂದು, ಅದನ್ನು ಓರಿಯೆಂಟಲ್ ಬ್ಯಾಂಕ್ ಆಫ್ ಕಾಮರ್ಸಿನಲ್ಲಿ ಸೇರಿಸಲಾಯಿತು. ಠೇವಣಿದಾರರ ಹಣ ಉಳಿಯಿತು. ಷೇರುದಾರರ ಹಣ ಹೋಯಿತು. ವಿಮಾನಿಧಿಯಿಂದ ಹಣ ತೆಗೆಯದೆಯೇ ಕೆಲಸವಾಯಿತೆಂದು ಕಂಡರೂ ಆ ಹೊರೆಯನ್ನು ಹೊತ್ತುದು ಇನ್ನೊಂದು ಸರಕಾರಿ ಬ್ಯಾಂಕು. ದೊಡ್ಡ ಬ್ಯಾಂಕು ಬಿದ್ದಾಗ ಬೆಲೆ ತೆರುವವರು ಯಾರಾದರೂ ಇದ್ದೇ ಇರುತ್ತಾರೆ. ವಿಮೆಯ ಲೆಕ್ಕದ ಪುಸ್ತಕದಲ್ಲಿ ಅದು ಕಾಣಿಸದಿರಬಹುದು ಅಷ್ಟೆ.

ಅಮೆರಿಕನರ ಅಂಕಪಟ್ಟಿ

ಅಪಾಯಕ್ಕೆ ತಕ್ಕ ದರ ಎಂಬ ಪದ್ಧತಿಯನ್ನು ಅತಿ ವಿವರವಾಗಿ ಬೆಳೆಸಿದವರು ಅಮೆರಿಕನರು. ಅವರಲ್ಲಿಯೂ ಆರು ದಶಕಗಳ ಕಾಲ ಎಲ್ಲರಿಗೂ ಒಂದೇ ದರವಿದ್ದಿತು. 1980ರ ದಶಕದಲ್ಲಿ ಸಾಲುಸಾಲಾಗಿ ಬ್ಯಾಂಕುಗಳು ಬಿದ್ದ ಬಳಿಕ 1991ರಲ್ಲಿ ಕಾನೂನು ತಿದ್ದಿ, 1993ರಿಂದ ಅಪಾಯದ ಮೇಲೆ ದರ ಕಟ್ಟತೊಡಗಿದರು.

ಸಾವಿರ ಕೋಟಿ ಡಾಲರಿಗೆ ಕಡಿಮೆಯಿಲ್ಲದ ಆಸ್ತಿಯುಳ್ಳ ಬ್ಯಾಂಕನ್ನು ಅಲ್ಲಿ ದೊಡ್ಡ ಬ್ಯಾಂಕೆಂದು ಎಣಿಸುತ್ತಾರೆ. ಅಂಥ ಪ್ರತಿಯೊಂದಕ್ಕೂ ಶಾಲೆಯ ಮಕ್ಕಳಿಗಿರುವಂತೆ ಒಂದು ಅಂಕಪಟ್ಟಿ. ಅದರಲ್ಲಿ ಎರಡು ಪ್ರಶ್ನೆಗಳು. ಈ ಬ್ಯಾಂಕು ಬೀಳುವ ಸಂಭವವೆಷ್ಟು? ಬಿದ್ದರೆ ವಿಮಾನಿಧಿಗೆ ಆಗುವ ನಷ್ಟವೆಷ್ಟು?

ಮೊದಲ ಪ್ರಶ್ನೆಗೆ ಮೂರು ಭಾಗಗಳಲ್ಲಿ ಅಂಕ. ತನಿಖಾಧಿಕಾರಿಗಳು ಬ್ಯಾಂಕಿನೊಳಗೆ ಕುಳಿತು ಬಂಡವಾಳ, ಸಾಲಗಳ ಗುಣ, ಆಡಳಿತ, ಗಳಿಕೆ, ಕೈಯಲ್ಲಿರುವ ನಗದು, ಪೇಟೆಯ ಏರಿಳಿತವನ್ನು ತಾಳುವ ಶಕ್ತಿ ಎಂಬ ಆರು ಅಂಗಗಳನ್ನು ಪರೀಕ್ಷಿಸಿ ಕೊಟ್ಟ ದರ್ಜೆಗೆ ನೂರರಲ್ಲಿ 30 ಭಾಗ. ಕೊಟ್ಟ ಸಾಲಗಳು ಕೆಟ್ಟರೆ ತಾಳಿಕೊಳ್ಳುವ ಶಕ್ತಿಗೆ 50 ಭಾಗ. ಠೇವಣಿದಾರರು ಹಠಾತ್ತನೆ ಹಣ ಕೇಳಿದರೆ ತಾಳಿಕೊಳ್ಳುವ ಶಕ್ತಿಗೆ 20 ಭಾಗ. ಹೀಗೆ ಬಂದ ಮೊತ್ತವನ್ನು ಎರಡನೆಯ ಪ್ರಶ್ನೆಯ ಉತ್ತರಕ್ಕೆ ತಕ್ಕಂತೆ ಐದನೆಯ ಒಂದು ಭಾಗದಷ್ಟು ಏರಿಸಲೂಬಹುದು, ಇಳಿಸಲೂಬಹುದು. ಅಂಕಗಳಿಗೆ ಎಟಕದ ಸಂಗತಿಗಳಿಗಾಗಿ ಅಧಿಕಾರಿಗಳ ವಿವೇಚನೆಗೂ ಒಂದಿಷ್ಟು ಜಾಗವಿದೆ. ಈ ಲೆಕ್ಕದಿಂದ 2023ರಲ್ಲಿ ನಿಂತ ಮೂಲ ದರವು ನೂರು ಡಾಲರಿಗೆ ವರ್ಷಕ್ಕೆ 5 ಸೆಂಟಿನಿಂದ 32 ಸೆಂಟಿನವರೆಗೆ. ಉತ್ತಮ ಬ್ಯಾಂಕಿಗೂ ಅಧಮ ಬ್ಯಾಂಕಿಗೂ ಆರು ಪಟ್ಟಿಗೂ ಮಿಕ್ಕಿದ ಅಂತರ.

2010ರ ಕಾಯಿದೆಯಿಂದ ಇನ್ನೊಂದು ಬದಲಾವಣೆಯಾಯಿತು. ಅದುವರೆಗೆ ಠೇವಣಿಯ ಮೇಲೆ ಕಂತು ಕಟ್ಟುತ್ತಿದ್ದರು. ದೊಡ್ಡ ಬ್ಯಾಂಕುಗಳಾದರೋ ಠೇವಣಿಯಲ್ಲದೆ ಪೇಟೆಯಿಂದ ಬೇರೆ ಬಗೆಯ ಸಾಲಗಳನ್ನೂ ಎತ್ತುತ್ತವೆ. ಅದರ ಮೇಲೆ ಕಂತಿರಲಿಲ್ಲ. 2011ರ ಏಪ್ರಿಲಿನಿಂದ ಬ್ಯಾಂಕಿನ ಒಟ್ಟು ಆಸ್ತಿಯಿಂದ ಸ್ವಂತ ಬಂಡವಾಳವನ್ನು ಕಳೆದು ಉಳಿದುದರ ಮೇಲೆ ಕಂತು ಹಾಕಿದರು. ಆದುದರಿಂದ ದೊಡ್ಡವರ ಪಾಲು ಏರಿತು, ಸಣ್ಣವರ ಪಾಲು ಇಳಿಯಿತು.

ಇಷ್ಟು ಸೂಕ್ಷ್ಮವಾದ ಅಂಕಪಟ್ಟಿಯೂ ಎಲ್ಲವನ್ನೂ ಕಾಣಲಿಲ್ಲ. 2023ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಸಿಲಿಕಾನ್ ವ್ಯಾಲಿ ಬ್ಯಾಂಕು ಎರಡು ದಿನಗಳೊಳಗೆ ಉರುಳಿತು. ಅದರ ಠೇವಣಿಯ ಬಹುಭಾಗ ವಿಮೆಯ ಮಿತಿಯನ್ನು ಮೀರಿದ ದೊಡ್ಡ ಮೊತ್ತಗಳದು. ಮಾರ್ಚ್ 9ರಂದು ಒಂದೇ ದಿನ ಜನರು 4,200 ಕೋಟಿ ಡಾಲರು ಹಿಂತೆಗೆದರು. ಮರುದಿನ ಬ್ಯಾಂಕು ಮುಚ್ಚಿತು. ಭಯ ಹಬ್ಬದಿರಲೆಂದು ಸರಕಾರವು ಮಿತಿಗೆ ಮೀರಿದ ಠೇವಣಿಗಳನ್ನೂ ಪೂರ್ಣವಾಗಿ ರಕ್ಷಿಸಿತು. ಆ ನಷ್ಟವನ್ನು ತುಂಬಲು ವಿಶೇಷ ಕಂತೊಂದನ್ನು ವಿಧಿಸಲಾಯಿತು. ಅದನ್ನು ತೆರಬೇಕಾದವರು ವಿಮೆಯಿಲ್ಲದ ಠೇವಣಿ 500 ಕೋಟಿ ಡಾಲರಿಗಿಂತ ಹೆಚ್ಚಿದ್ದ ದೊಡ್ಡ ಬ್ಯಾಂಕುಗಳು. ರಕ್ಷಣೆಯ ಲಾಭವನ್ನು ಯಾರು ಪಡೆದರೋ ಅಂಥವರ ಬ್ಯಾಂಕುಗಳೇ ಬೆಲೆ ತೆರಲಿ ಎಂಬುದು ಅದರ ನ್ಯಾಯ. ಸಣ್ಣ ಊರುಗಳ ಬ್ಯಾಂಕುಗಳನ್ನು ಆ ಹೊರೆಯಿಂದ ಬಿಟ್ಟರು.

ನಮ್ಮಲ್ಲಿ ಬಂದಿರುವ ಹೊಸ ಕ್ರಮ

ಅಪಾಯಕ್ಕೆ ತಕ್ಕ ದರ ನಮ್ಮ ದೇಶಕ್ಕೂ ಬೇಕೆಂಬ ಮಾತು ಹೊಸದಲ್ಲ. 1999ರಲ್ಲಿ ಜಗದೀಶ್ ಕಪೂರರ ಅಧ್ಯಕ್ಷತೆಯ ತಂಡವೂ 2015ರಲ್ಲಿ ಜಸ್ಬೀರ್ ಸಿಂಗರ ಅಧ್ಯಕ್ಷತೆಯ ಸಮಿತಿಯೂ ಅದನ್ನು ಶಿಫಾರಸು ಮಾಡಿದ್ದುವು. ಕಡೆಗೆ 2025ರ ಅಕ್ಟೋಬರ್ 1ರಂದು ರಿಸರ್ವ್ ಬ್ಯಾಂಕಿನ ಗವರ್ನರರಾದ ಸಂಜಯ್ ಮಲ್ಹೋತ್ರಾ ಅವರು ಈ ಪದ್ಧತಿಯನ್ನು ತರುವುದಾಗಿ ಸಾರಿದರು. 2026ರ ಏಪ್ರಿಲಿನಲ್ಲಿ ಆರಂಭವಾಗುವ ಹಣಕಾಸಿನ ವರ್ಷವನ್ನು ಅದಕ್ಕೆ ಗೊತ್ತುಮಾಡಲಾಯಿತು. ಗಟ್ಟಿಯಾದ ಬ್ಯಾಂಕುಗಳಿಗೆ ಕಂತಿನಲ್ಲಿ ಗಣನೀಯ ಉಳಿತಾಯವಾಗಬೇಕೆಂಬುದು ಇದರ ಉದ್ದೇಶ. ಮೊದಲ ಶಿಫಾರಸಿನಿಂದ ಸಾರೋಣೆಯವರೆಗೆ ಇಪ್ಪತ್ತಾರು ವರ್ಷಗಳು ಕಳೆದಿದ್ದುವು.

ಈ ಉಳಿತಾಯ ಎಷ್ಟಾದೀತೆಂಬುದನ್ನು ಮೇಲಿನ ಉದಾಹರಣೆಯಿಂದಲೇ ಊಹಿಸಬಹುದು. ಹತ್ತು ಲಕ್ಷ ಕೋಟಿ ಠೇವಣಿಯ ಬ್ಯಾಂಕಿಗೆ ದರವು 12 ಪೈಸೆಯಿಂದ 8 ಪೈಸೆಗೆ ಇಳಿಯಿತೆಂದುಕೊಂಡರೆ ವರ್ಷದ ಕಂತು 1,200 ಕೋಟಿಯಿಂದ 800 ಕೋಟಿಗೆ ಬರುತ್ತದೆ. ನಾಲ್ಕುನೂರು ಕೋಟಿಯ ಆಸೆ ಯಾವ ಬ್ಯಾಂಕಿನ ಆಡಳಿತ ಮಂಡಲಿಯನ್ನೂ ಎಚ್ಚರದಿಂದ ಇರಿಸಬಲ್ಲುದು. ಸಾಲ ಮಂಜೂರು ಮಾಡುವ ಮೇಜಿನ ಮುಂದೆ ಕುಳಿತ ಅಧಿಕಾರಿಗೆ ಈ ಸಾಲ ಕೆಟ್ಟರೆ ನಮ್ಮ ಕಂತೂ ಏರೀತೆಂಬ ಅರಿವು ಇದ್ದರೆ ಅದರ ಲಾಭ ಕಡೆಗೆ ಠೇವಣಿದಾರನಿಗೇ.

ಆದರೆ ಎರಡು ಅಪಾಯಗಳನ್ನು ನಿಯಂತ್ರಕರು ಗಮನದಲ್ಲಿಡಬೇಕು. ಕಾಯಿಲೆ ಬಿದ್ದವನಿಗೆ ಊಟದ ದರ ಏರಿಸಿದಂತೆ, ಕಷ್ಟದಲ್ಲಿರುವ ಬ್ಯಾಂಕಿಗೆ ಒಮ್ಮೆಲೇ ದರವನ್ನು ಏರಿಸಿದರೆ ಅದು ಇನ್ನೂ ಬೇಗ ಬಿದ್ದೀತು. ಆದುದರಿಂದ ಕೆಟ್ಟವನಿಗೆ ದಂಡ ಹಾಕುವುದಕ್ಕಿಂತ ಒಳ್ಳೆಯವನಿಗೆ ರಿಯಾಯಿತಿ ಕೊಡುವ ದಾರಿಯೇ ಮೇಲೆಂದು ನಮಗೆ ತೋರುತ್ತದೆ. ಎರಡನೆಯದಾಗಿ, ದೊಡ್ಡವರಿಗೆಲ್ಲ ರಿಯಾಯಿತಿ ದೊರೆತು ನಿಧಿಗೆ ಬರುವ ಹಣ ಕುಗ್ಗಬಾರದು. ವಿಮೆಗೆ ಒಳಪಟ್ಟ ಪ್ರತಿ ನೂರು ರೂಪಾಯಿಗೆ ನಿಧಿಯಲ್ಲಿ 2025ರ ಮಾರ್ಚಿಗೆ ಸುಮಾರು 2 ರೂಪಾಯಿ 30 ಪೈಸೆ ಇದ್ದಿತು. ಅಮೆರಿಕದ ಕಾನೂನು ಕಡ್ಡಾಯಪಡಿಸುವುದು ನೂರಕ್ಕೆ 1.35 ಮಾತ್ರ. ಇಂದು ನಿಧಿ ಗಟ್ಟಿಯಾಗಿದೆ. ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಇನ್ನು ಒಂದು ಮಾತು. ಬ್ಯಾಂಕುಗಳ ತನಿಖೆಯ ದರ್ಜೆಯನ್ನು ಅಮೆರಿಕದಲ್ಲಿ ಬಹಿರಂಗಪಡಿಸುವುದಿಲ್ಲ. ಕಡಿಮೆ ದರ್ಜೆ ಬಂದಿತೆಂದು ಗೊತ್ತಾದರೆ ಅಂದೇ ಜನ ಮುಗಿಬೀಳುತ್ತಾರೆ, ಭಯವನ್ನು ತಡೆಯಲು ಹುಟ್ಟಿದ ವಿಮೆಯೇ ಭಯವನ್ನು ಹುಟ್ಟಿಸಿದಂತಾಗುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಕಾರಣ ಸರಿಯಾದುದೇ. ಆದರೆ ಇದರಿಂದ ಸಾಮಾನ್ಯ ಠೇವಣಿದಾರನ ಕಣ್ಣಿಗೆ ಪಟ್ಟಿ ಕಟ್ಟಿದಂತಾಗುವುದೂ ನಿಜ. ತನ್ನ ಬ್ಯಾಂಕು ಯಾವ ದರ ತೆರುತ್ತದೆ ಎಂಬುದನ್ನು ನೋಡಿ ಆತ ಎಚ್ಚರಗೊಳ್ಳುವಂತಿಲ್ಲ. ಆತನ ಪರವಾಗಿ ನೋಡಬೇಕಾದವರು ನಿಯಂತ್ರಕರೇ. ಅವರ ಹೊಣೆ ಅಷ್ಟರಮಟ್ಟಿಗೆ ಹೆಚ್ಚು.

ನಾವು ತಿಳಿದಿರಬೇಕಾದುದು

ದರ ಕಟ್ಟುವುದು ನಮ್ಮ ಕೈಯಲ್ಲಿಲ್ಲ. ಹಣವಿಡುವುದು ನಮ್ಮ ಕೈಯಲ್ಲಿದೆ. ಆದುದರಿಂದ ವಾಚಕರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಲೇಸು.

ಐದು ಲಕ್ಷದ ರಕ್ಷಣೆ ಒಂದು ಬ್ಯಾಂಕಿನಲ್ಲಿ ಒಬ್ಬ ವ್ಯಕ್ತಿಗೆ. ಅಸಲೂ ಬಡ್ಡಿಯೂ ಅದರಲ್ಲಿಯೇ ಸೇರಿವೆ. ಅಬಿಡ್ಸ್ ಶಾಖೆಯಲ್ಲಿ ಒಂದು ಖಾತೆ, ಊರಿನ ಶಾಖೆಯಲ್ಲಿ ಇನ್ನೊಂದು ಇದ್ದರೂ ಬ್ಯಾಂಕು ಒಂದೇ ಆಗಿದ್ದರೆ ಎರಡನ್ನೂ ಕೂಡಿಸಿಯೇ ಲೆಕ್ಕ. ಬೇರೆ ಬೇರೆ ಬ್ಯಾಂಕುಗಳಾದರೆ ಬೇರೆ ಬೇರೆ ರಕ್ಷಣೆ. ಇಲ್ಲಿ ನಮ್ಮವರಿಗೆ ವಿಶೇಷವಾದ ಎಚ್ಚರವೊಂದು ಬೇಕು. ಹಿಂದೆ ಕೆನರಾದಲ್ಲಿ ಒಂದು ಗಂಟು, ಸಿಂಡಿಕೇಟಿನಲ್ಲಿ ಇನ್ನೊಂದು ಗಂಟು ಇಟ್ಟವನಿಗೆ ಎರಡು ರಕ್ಷಣೆಗಳಿದ್ದುವು. ಎರಡೂ ಬ್ಯಾಂಕುಗಳು ಒಂದಾದ ಮೇಲೆ ಅವನಿಗಿರುವುದು ಒಂದೇ ರಕ್ಷಣೆ. ಪಾಸುಪುಸ್ತಕಗಳು ಎರಡಿದ್ದರೂ ವಿಮೆಯ ಕಣ್ಣಿಗೆ ಖಾತೆದಾರ ಒಬ್ಬನೇ.

ಎಲ್ಲಾ ಸಂಸ್ಥೆಗಳೂ ಈ ವಿಮೆಗೆ ಒಳಪಟ್ಟಿಲ್ಲ. ಸಹಕಾರಿ ಬ್ಯಾಂಕುಗಳು ಒಳಪಟ್ಟಿವೆ. ಪ್ರಾಥಮಿಕ ಸಹಕಾರ ಸಂಘಗಳು ಒಳಪಟ್ಟಿಲ್ಲ. ಚೀಟಿ ಸಂಸ್ಥೆಗಳಿಗೂ, ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಹಣ ಕೂಡಿಸುವ ಕಂಪೆನಿಗಳಿಗೂ ಈ ರಕ್ಷಣೆಯಿಲ್ಲ. ಹೆಸರಿನಲ್ಲಿ ಸಹಕಾರವೆಂದಿರುವುದನ್ನು ನೋಡಿ ಮೋಸಹೋಗದೆ, ನಿಮ್ಮಲ್ಲಿ ಠೇವಣಿ ವಿಮೆಯುಂಟೆ ಎಂದು ಬಾಯಿಬಿಟ್ಟು ಕೇಳಬೇಕು. ಅಬಿಡ್ಸಿನ ದೊಡ್ಡ ಅಂಚೆಕಚೇರಿಯಲ್ಲಿಡುವ ಉಳಿತಾಯದ ಮಾತು ಬೇರೆ; ಅಲ್ಲಿ ಸರಕಾರವೇ ನೇರವಾಗಿ ಹೊಣೆ.

ಬ್ಯಾಂಕಿನ ವ್ಯವಹಾರವನ್ನು ರಿಸರ್ವ್ ಬ್ಯಾಂಕು ತಡೆಹಿಡಿದರೆ, 2021ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ತೊಂಬತ್ತು ದಿನಗಳೊಳಗೆ ವಿಮೆಯ ಹಣ ಠೇವಣಿದಾರನಿಗೆ ಸಲ್ಲತಕ್ಕದ್ದು. ಹಿಂದೆ ಬ್ಯಾಂಕಿನ ವ್ಯವಹಾರ ಪೂರ್ಣವಾಗಿ ಸಮಾಪ್ತಿಯಾಗುವವರೆಗೆ ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ಈ ಹಣ ನಮಗೆ ಸುಲಭವಾಗಿ ಸಿಗಬೇಕಾದರೆ ಖಾತೆಯಲ್ಲಿ ನಮ್ಮ ಹೆಸರು, ವಿಳಾಸ, ಗುರುತಿನ ಕಾಗದಗಳು ಸರಿಯಾಗಿರಬೇಕು. ಹೋಟೆಲಿನಿಂದ ಹೋಟೆಲಿಗೆ, ಊರಿಂದ ಊರಿಗೆ ಕೆಲಸ ಬದಲಾಯಿಸುವ ನಮ್ಮವರು ವಿಳಾಸವನ್ನು ತಿದ್ದಿಸದೆ ಬಿಡುವುದು ಸಾಮಾನ್ಯ. ವಾರಸುದಾರರ ಹೆಸರನ್ನು ಬರೆಯಿಸದೆ ಬಿಡುವುದೂ ಅಷ್ಟೇ ಸಾಮಾನ್ಯ. ಇವೆರಡನ್ನೂ ಸರಿಪಡಿಸಲು ಒಂದು ಮಧ್ಯಾಹ್ನದ ಬಿಡುವು ಸಾಕು.

1962ರಲ್ಲಿ 5 ನಯಾಪೈಸೆಯಿಂದ ಹೊರಟ ಈ ಏರ್ಪಾಡು ಕೋಟ್ಯಂತರ ಸಣ್ಣ ಠೇವಣಿದಾರರಿಗೆ ಕಾಣದ ಕಾವಲಾಗಿ ನಿಂತಿದೆ. ಎಚ್ಚರದ ಬ್ಯಾಂಕಿಗೆ ಕಡಿಮೆ, ಅಜಾಗ್ರತೆಯ ಬ್ಯಾಂಕಿಗೆ ಹೆಚ್ಚು ಎಂಬ ಹೊಸ ನ್ಯಾಯವನ್ನು ನಾವು ಸ್ವಾಗತಿಸುತ್ತೇವೆ. ದೊಡ್ಡ ಬ್ಯಾಂಕುಗಳಿಗೆ ಇದರಿಂದ ಉಳಿಯುವ ಹಣದಲ್ಲಿ ಒಂದಿಷ್ಟು ಸಣ್ಣ ಠೇವಣಿದಾರನ ಬಡ್ಡಿಗೂ ಸೇರಲೆಂದು ಹಾರೈಸುವುದು ತಪ್ಪಾಗಲಾರದು. ಏಕೆಂದರೆ ಆ ಬ್ಯಾಂಕುಗಳು ದೊಡ್ಡವಾದುದು ದಿನಕ್ಕೆ ಎರಡಾಣೆ ಕೊಟ್ಟವರಿಂದಲೂ ಅಹುದು.